ಒಂದು ಮೀನು, ಎರಡು ದ್ವೀಪ

ವೆಸ್ಟ್ ಇಂಡೀಸ್ ಅನ್ನೋದು ಒಂದು ದೇಶ ಅಂತ ನಾನು ಹೈಸ್ಕೂಲು ಮುಗಿಯುವವರೆಗೂ ನಂಬಿಕೊಂಡಿದ್ದೆ. ಕ್ರಿಕೆಟ್ ತಂಡ ಇದೆ ಅಂದ ಮೇಲೆ ದೇಶ ಇರಲೇಬೇಕಲ್ಲ! 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಮ್ಮವರು ನಾಲ್ಕನೇ ಇನ್ನಿಂಗ್ಸ್‌ನಲ್ಲಿ 406 ರನ್ ಹೊಡೆದು ಗೆದ್ದ ಟೆಸ್ಟ್ ಪಂದ್ಯದ ಕಥೆಯನ್ನು ಕೇಳದ ಕನ್ನಡಿಗರು ಕಡಿಮೆ. ನಮ್ಮ ವಿಶ್ವನಾಥ್ ಅವತ್ತು 112 ರನ್ ಹೊಡೆದಿದ್ದರು. ಅವತ್ತು ಎದುರಾಳಿ ತಂಡದಲ್ಲಿದ್ದ ಮೂವರು ಸ್ಪಿನ್ನರ್‌ಗಳಲ್ಲಿ ಜುಮದೀನ್ ಮತ್ತು ಇಮ್ತಿಯಾಜ್ ಅಲಿ ಟ್ರಿನಿಡಾಡಿನವರು, ಪ್ಯಾಡ್ಮೋರ್ ಬಾರ್ಬಡೋಸಿನವನು. ಮೈದಾನದಲ್ಲಿ ಒಂದೇ ಟೋಪಿ. ಆದರೆ ಆಟ ಮುಗಿಸಿ ಮನೆಗೆ ಹೋಗುವಾಗ ಅವರ ಪಾಸ್‌ಪೋರ್ಟ್ ಬೇರೆ, ನೋಟು ಬೇರೆ, ಪ್ರಧಾನಿ ಬೇರೆ.

ಈ ಬೇರೆ ಬೇರೆ ಮನೆಗಳ ನಡುವೆ ಕೊಡು-ಕೊಳ್ಳುವಿಕೆ ಹೇಗೆ ನಡೆಯುತ್ತೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬಾರ್ಬಡೋಸ್ ಮತ್ತು ಟ್ರಿನಿಡಾಡ್-ಟೊಬೇಗೋ ನಡುವಿನ ವ್ಯಾಪಾರದ ಕಥೆ. ಅದರೊಳಗೆ ಎಣ್ಣೆ ಇದೆ, ಅಂಗಿ ಇದೆ, ಬ್ಯಾಂಕು ಇದೆ. ಕೊನೆಗೆ ಎಲ್ಲವೂ ಒಂದು ಗೇಣುದ್ದದ ಮೀನಿನ ಹತ್ತಿರ ಬಂದು ನಿಂತಿತು. ಅದನ್ನೇ ನಿಮಗೂ ಹೇಳೋಣ ಅಂತ.

ಮೊದಲು ಎರಡೂ ಮನೆಗಳನ್ನು ನೋಡಿಬಿಡೋಣ. ಬಾರ್ಬಡೋಸ್ ಸುಮಾರು 430 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರು ನಗರಕ್ಕಿಂತ ಚಿಕ್ಕದು. ಜನ ಮೂರು ಲಕ್ಷಕ್ಕೂ ಕಡಿಮೆ. ನೆಲದ ಬಹುಪಾಲು ಹವಳದ ಸುಣ್ಣಕಲ್ಲು. ಮೂರು ಶತಮಾನ ಕಬ್ಬು ಬೆಳೆದದ್ದೇ ಅದರ ಚರಿತ್ರೆ. ಟ್ರಿನಿಡಾಡ್-ಟೊಬೇಗೋ 5,128 ಚದರ ಕಿಲೋಮೀಟರ್, ಜನ ಸುಮಾರು ಹದಿನಾಲ್ಕು ಲಕ್ಷ. ಅಲ್ಲಿಯೂ ಕಬ್ಬೇ ಇತ್ತು. 1845ರಲ್ಲಿ ಫತೆಲ್ ರಜಾಕ್ ಎಂಬ ಹಡಗು ಭಾರತದಿಂದ ಮೊದಲ ಕರಾರು ಕೂಲಿಗಳನ್ನು ತಂದು ಇಳಿಸಿದ್ದು ಆ ಕಬ್ಬಿನ ಗದ್ದೆಗಳಿಗೇ. ಆದರೆ ಟ್ರಿನಿಡಾಡಿಗೆ ನೆಲದಡಿಯಲ್ಲಿ ಒಂದು ಅದೃಷ್ಟವಿತ್ತು: ತೈಲ ಮತ್ತು ಅನಿಲ. ಇಪ್ಪತ್ತನೇ ಶತಮಾನದ ಆರಂಭದಿಂದಲೇ ಅಲ್ಲಿ ಎಣ್ಣೆ ಬಾವಿಗಳು ಎದ್ದವು, ಪಾಯಿಂಟ್-ಅ-ಪಿಯೆರ್‌ನಲ್ಲಿ ದೊಡ್ಡ ರಿಫೈನರಿ ಬಂತು. ಇಬ್ಬರು ನೆರೆಯವರಲ್ಲಿ ಒಬ್ಬನ ಹಿತ್ತಲಲ್ಲಿ ಕೊಪ್ಪರಿಗೆ ಸಿಕ್ಕಿದರೆ ಮುಂದೆ ಏನೇನಾಗುತ್ತೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ.

ಇವರು ಒಂದೇ ದೇಶವಾಗುವ ಪ್ರಯತ್ನವನ್ನೂ ಮಾಡಿದ್ದರು. 1958ರಲ್ಲಿ ಹತ್ತು ಬ್ರಿಟಿಷ್ ವಸಾಹತುಗಳು ಸೇರಿ ವೆಸ್ಟ್ ಇಂಡೀಸ್ ಒಕ್ಕೂಟ ಕಟ್ಟಿದವು. ರಾಜಧಾನಿ ಟ್ರಿನಿಡಾಡಿನಲ್ಲಿ, ಪ್ರಧಾನಿ ಬಾರ್ಬಡೋಸಿನ ಗ್ರಾಂಟ್ಲಿ ಆಡಮ್ಸ್. ದ್ವೀಪದಿಂದ ದ್ವೀಪಕ್ಕೆ ಜನ ಮತ್ತು ಸರಕು ಸಾಗಿಸಲಿ ಅಂತ ಕೆನಡಾ ಎರಡು ಹಡಗುಗಳನ್ನು ಉಡುಗೊರೆ ಕೊಟ್ಟಿತು. ಹೆಸರು ಫೆಡರಲ್ ಪಾಮ್ ಮತ್ತು ಫೆಡರಲ್ ಮೇಪಲ್. ಆದರೆ 1961ರ ಸೆಪ್ಟೆಂಬರಿನಲ್ಲಿ ಜಮೈಕಾದ ಜನ ಮತ ಹಾಕಿ ಹೊರಬಂದರು. ಹತ್ತರಲ್ಲಿ ಒಂದು ಹೋದರೆ ಉಳಿಯುವುದು ಸೊನ್ನೆ ಎಂಬರ್ಥದ ಮಾತು ಹೇಳಿ ಟ್ರಿನಿಡಾಡಿನ ಎರಿಕ್ ವಿಲಿಯಮ್ಸ್ ಕೂಡಾ ಎದ್ದು ಹೋದರು. 1962ರ ಮೇ ತಿಂಗಳಲ್ಲಿ ಒಕ್ಕೂಟ ಮುಗಿಯಿತು. ಹಡಗುಗಳ ಹೆಸರಲ್ಲಿ ಮಾತ್ರ ಒಕ್ಕೂಟ ಉಳಿಯಿತು :-)

ದೇಶ ಒಂದಾಗದಿದ್ದರೆ ಹೋಗಲಿ, ಸಂತೆಯಾದರೂ ಒಂದಾಗಲಿ ಅಂತ ಮುಂದಿನ ಪ್ರಯತ್ನ ನಡೆಯಿತು. 1968ರಲ್ಲಿ ಕ್ಯಾರಿಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. 1973ರ ಜುಲೈ 4ರಂದು ಟ್ರಿನಿಡಾಡಿನ ಚಾಗ್ವಾರಾಮಾಸ್‌ನಲ್ಲಿ ಕ್ಯಾರಿಕೋಮ್ ಒಪ್ಪಂದಕ್ಕೆ ಸಹಿ ಬಿತ್ತು. ಬಾರ್ಬಡೋಸ್, ಟ್ರಿನಿಡಾಡ್, ಜಮೈಕಾ, ಗಯಾನಾ ಮೊದಲ ನಾಲ್ವರು. ನಮ್ಮ ದ್ವೀಪಗಳಲ್ಲಿ ತಯಾರಾದ ಸರಕಿಗೆ ನಮ್ಮೊಳಗೆ ಸುಂಕ ಬೇಡ, ಹೊರಗಿನವರ ಸರಕಿಗೆ ಎಲ್ಲರೂ ಒಂದೇ ಸುಂಕ ಹಾಕೋಣ ಅನ್ನುವುದು ಸ್ಥೂಲವಾಗಿ ಅದರ ತಿರುಳು.

ಅದು ಒಳ್ಳೆ ಹೊತ್ತಿನಲ್ಲಿ ಬಂತು. ಅದೇ ವರ್ಷ ಜಗತ್ತಿನಲ್ಲಿ ತೈಲದ ಬೆಲೆ ಏರಿ ಟ್ರಿನಿಡಾಡಿನವರ ಜೇಬು ತುಂಬಿತು. ಜೇಬು ತುಂಬಿದವರಿಗೆ ಅಂಗಿ ಬೇಕು, ಮೇಜು ಕುರ್ಚಿ ಬೇಕು. ಬಾರ್ಬಡೋಸಿನ ಸಣ್ಣ ಸಣ್ಣ ಕಾರ್ಖಾನೆಗಳು ಬಟ್ಟೆ ಹೊಲಿದು, ಪೀಠೋಪಕರಣ ಮಾಡಿ ಟ್ರಿನಿಡಾಡಿಗೆ ಕಳಿಸಿದವು. ಕಬ್ಬಿನ ಗದ್ದೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವರಿಗೆ ಇದು ಹೊಸ ಬದುಕು. ಅತ್ತ ಎಣ್ಣೆ, ಇತ್ತ ಅಂಗಿ. ತಕ್ಕಡಿ ಸ್ವಲ್ಪ ಹೊತ್ತು ಸಮ ತೂಗಿತು ಅನ್ನಬಹುದು.

ಆದರೆ ಎಂಬತ್ತರ ದಶಕದಲ್ಲಿ ತೈಲದ ಬೆಲೆ ಕುಸಿಯಿತು. ಡಾಲರು ಹೊರಗೆ ಹೋಗುವುದನ್ನು ತಡೆಯಲು ಟ್ರಿನಿಡಾಡ್ 1983ರಲ್ಲಿ ಆಮದಿಗೆ ಲೈಸೆನ್ಸ್ ವ್ಯವಸ್ಥೆ ತಂದಿತು. ಸುಂಕ ಇಲ್ಲ, ನಿಜ. ಆದರೆ ಡಾಲರು ಕೊಡುವ ಅನುಮತಿ ಚೀಟಿ ಇಲ್ಲದೆ ಸರಕು ಒಳಗೆ ಬರುವಂತಿಲ್ಲ! 1985ರ ಕೊನೆಯಲ್ಲಿ ಟ್ರಿನಿಡಾಡ್ ತನ್ನ ಹಣದ ಬೆಲೆಯನ್ನೂ ಇಳಿಸಿತು. ಬಾರ್ಬಡೋಸ್ ಮಾತ್ರ ಎರಡು ಡಾಲರಿಗೆ ಒಂದು ಅಮೆರಿಕನ್ ಡಾಲರ್ ಎಂದು 1975ರಿಂದ ಕಟ್ಟಿಕೊಂಡ ಗಂಟನ್ನು ಬಿಚ್ಚಲಿಲ್ಲ. ಹೀಗಾಗಿ ಬಾರ್ಬಡೋಸಿನ ಅಂಗಿ ಟ್ರಿನಿಡಾಡಿನಲ್ಲಿ ದುಬಾರಿಯಾಯಿತು, ಟ್ರಿನಿಡಾಡಿನ ಸರಕು ಬಾರ್ಬಡೋಸಿನಲ್ಲಿ ಅಗ್ಗವಾಯಿತು. ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಒಪ್ಪಂದದ ಒಂದು ಅಕ್ಷರವೂ ಅಳಿಸಲಿಲ್ಲ, ವ್ಯಾಪಾರ ಮಾತ್ರ ಅಳಿಸಿಹೋಯಿತು. ಈ ಲೈಸೆನ್ಸ್ ಅನ್ನೋ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ತೊಂಬತ್ತರ ದಶಕದ ಹೊತ್ತಿಗೆ ಗಾಳಿ ಪೂರ್ತಿ ಒಂದೇ ಕಡೆಯಿಂದ ಬೀಸತೊಡಗಿತು. ಅಗ್ಗದ ಅನಿಲದಿಂದ ಕಾರ್ಖಾನೆ ನಡೆಸುವ ಟ್ರಿನಿಡಾಡಿನ ಬಿಸ್ಕತ್ತು, ಪಾನೀಯ, ಸಾಬೂನು ಬಾರ್ಬಡೋಸಿನ ಅಂಗಡಿಗಳನ್ನು ತುಂಬಿದವು. ಸರಕಿನ ಹಿಂದೆಯೇ ಹಣವೂ ಬಂತು. 2003ರಲ್ಲಿ ಬಾರ್ಬಡೋಸ್ ನ್ಯಾಷನಲ್ ಬ್ಯಾಂಕಿನ ಹಿಡಿತ ಟ್ರಿನಿಡಾಡಿನ ರಿಪಬ್ಲಿಕ್ ಬ್ಯಾಂಕಿನ ಕೈಗೆ ಹೋಯಿತು.

ನನಗೆ ಎಲ್ಲಕ್ಕಿಂತ ಸೋಜಿಗ ಅನಿಸಿದ್ದು ಕಚ್ಚಾ ತೈಲದ ಪ್ರಯಾಣ. ಬಾರ್ಬಡೋಸಿನಲ್ಲೂ ವುಡ್‌ಬೋರ್ನ್ ಎಂಬಲ್ಲಿ ಒಂದಿಷ್ಟು ಎಣ್ಣೆ ಸಿಗುತ್ತೆ. ಅದನ್ನು ಶುದ್ಧ ಮಾಡುತ್ತಿದ್ದ ಸಣ್ಣ ರಿಫೈನರಿ ತೊಂಬತ್ತರ ದಶಕದ ಕೊನೆಯಲ್ಲಿ ಮುಚ್ಚಿತು. ಆಮೇಲೆ ಬಾರ್ಬಡೋಸ್ ತನ್ನ ಕಚ್ಚಾ ಎಣ್ಣೆಯನ್ನು ಹಡಗಿನಲ್ಲಿ ಟ್ರಿನಿಡಾಡಿಗೆ ಕಳಿಸಿ, ಶುದ್ಧ ಮಾಡಿಸಿಕೊಂಡು, ಮತ್ತೆ ಹಡಗಿನಲ್ಲಿ ತರಿಸಿಕೊಳ್ಳುತ್ತಿತ್ತು. ನಮ್ಮ ಕಡೆ ಮನೆಯ ಭತ್ತವನ್ನು ಪಕ್ಕದೂರಿನ ಮಿಲ್ಲಿಗೆ ಹಾಕಿಸಿ ಅಕ್ಕಿ ತರುತ್ತಿದ್ದ ಹಾಗೆ. ಅಷ್ಟು ಹತ್ತಿರದ ನೆಂಟಸ್ತಿಕೆ ಇದು.

ಈಗ ಮೀನಿಗೆ ಬರೋಣ.

ಹಾರುವ ಮೀನು ನಿಜಕ್ಕೂ ಹಾರುವುದಿಲ್ಲ. ದೊಡ್ಡ ಮೀನು ಅಟ್ಟಿಸಿಕೊಂಡು ಬಂದಾಗ ನೀರಿನಿಂದ ಚಿಮ್ಮಿ, ರೆಕ್ಕೆಯಂಥ ಈಜುಭಾಗ ಬಿಚ್ಚಿ ತೇಲುತ್ತೆ. ಬಾರ್ಬಡೋಸಿನ ಒಂದು ಡಾಲರ್ ನಾಣ್ಯದ ಮೇಲೆ ಇರುವುದು ಇದೇ ಮೀನು. ರಾಷ್ಟ್ರೀಯ ಊಟವೂ ಇದೇ: ಕೂ-ಕೂ ಮತ್ತು ಹಾರುವ ಮೀನು. ಕೂ-ಕೂ ಅಂದರೆ ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ ಹಾಕಿ ಮರದ ಕೋಲಿನಿಂದ ತಿರುವಿ ತಿರುವಿ ಮಾಡುವ ಮುದ್ದೆ. ಓದಿ ಖುಷಿಯಾಯ್ತು, ಮುದ್ದೆ ಕೋಲು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ! ಈ ಮೀನಿಗೆ ಸಣ್ಣ ಮುಳ್ಳುಗಳು ಜಾಸ್ತಿ. ಅದನ್ನು ಚಕಚಕನೆ ಬಿಡಿಸುವುದು ಅಲ್ಲಿನ ಮೀನು ಮಾರುಕಟ್ಟೆಗಳಲ್ಲಿ ಹೊಟ್ಟೆ ತುಂಬಿಸುವ ಒಂದು ಕಸುಬು.

ಮೀನಿಗೆ ಗಡಿ ಗೊತ್ತಿಲ್ಲ. ಅದು ಬಾರ್ಬಡೋಸಿಗೂ ಟೊಬೇಗೋಗೂ ನಡುವಿನ 200 ಕಿಲೋಮೀಟರಿಗೂ ಹೆಚ್ಚು ಅಗಲದ ಕಡಲಲ್ಲಿ ಓಡಾಡಿಕೊಂಡಿರುತ್ತೆ. ಮೊದಲೆಲ್ಲ ಬಾರ್ಬಡೋಸಿನ ದೋಣಿಗಳು ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದವು. 1978-80ರ ಸುಮಾರಿಗೆ ಮಂಜುಗಡ್ಡೆ ತುಂಬಿಕೊಂಡು ಹೋಗುವ ದೊಡ್ಡ ದೋಣಿಗಳು ಬಂದವು. ಮೀನು ಕೆಡದ ಕಾರಣ ದಿನಗಟ್ಟಲೆ ಕಡಲಲ್ಲೇ ಇರಬಹುದು, ಟೊಬೇಗೋ ಹತ್ತಿರದವರೆಗೂ ಹೋಗಬಹುದು.

ಆದರೆ ದೋಣಿ ದೂರ ಹೋಗುವುದನ್ನು ಕಲಿತ ಹೊತ್ತಿಗೇ ಕಡಲಿಗೆ ಬೇಲಿ ಬಿತ್ತು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಪ್ರತಿ ಕರಾವಳಿ ದೇಶಕ್ಕೆ 200 ನಾಟಿಕಲ್ ಮೈಲಿವರೆಗೆ ಮೀನು-ಖನಿಜಗಳ ಹಕ್ಕು ಕೊಟ್ಟಿತು. 1986ರಲ್ಲಿ ಟ್ರಿನಿಡಾಡ್ ಅದಕ್ಕೆ ತಕ್ಕ ಕಾನೂನು ಮಾಡಿಕೊಂಡಿತು. ನಿನ್ನೆ ಬರೀ ನೀರಾಗಿದ್ದದ್ದು ಇವತ್ತು ಯಾರದೋ ಹೊಲ. 1990ರಲ್ಲಿ ಎರಡೂ ದೇಶಗಳು ಒಂದು ಮೀನುಗಾರಿಕೆ ಒಪ್ಪಂದ ಮಾಡಿಕೊಂಡವು. ಅದು ಒಂದೇ ವರ್ಷದ್ದು. ಮತ್ತೆ ನವೀಕರಿಸಲಿಲ್ಲ. ವರ್ಷಗಟ್ಟಲೆ ಮಾತುಕತೆ ನಡೆಯುತ್ತಾ ಇತ್ತು, ದೋಣಿಗಳು ಹೋಗುತ್ತಾ ಇದ್ದವು, ಆಗಾಗ ಹಿಡಿಯುತ್ತಾ ಇದ್ದರು.

2004ರ ಫೆಬ್ರುವರಿಯಲ್ಲಿ ಟ್ರಿನಿಡಾಡ್-ಟೊಬೇಗೋದವರು ಬಾರ್ಬಡೋಸಿನ ಇಬ್ಬರು ಮೀನುಗಾರರನ್ನು ಬಂಧಿಸಿದರು. ಬಾರ್ಬಡೋಸ್ ಸಿಡಿದೆದ್ದಿತು. ಅದರ ಕೈಯಲ್ಲಿದ್ದ ಅಸ್ತ್ರ ಯಾವುದು ಗೊತ್ತೇ? ಲೈಸೆನ್ಸ್! ಟ್ರಿನಿಡಾಡಿನಿಂದ ಬರುವ ಕೆಲವು ಸರಕುಗಳಿಗೆ ಆಮದು ಲೈಸೆನ್ಸ್ ಬೇಕು ಅಂತ ಸರ್ಕಾರ ಹೇಳಿತು. ಇಪ್ಪತ್ತು ವರ್ಷದ ಹಿಂದೆ ಅಂಗಿಗೆ ಬಿದ್ದ ಏಟು ಈಗ ತಿರುಗಿ ಬಂತು ಅನ್ನಿಸಿದ್ದರೆ ಅಚ್ಚರಿಯಿಲ್ಲ. ಸುಂಕವಿಲ್ಲದ ಸಂತೆಯೊಳಗೆ ಮೀನಿನ ಜಗಳ ನುಗ್ಗಿತು.

ಫೆಬ್ರುವರಿ 16ರಂದು ಇಬ್ಬರು ಪ್ರಧಾನಿಗಳು, ಬಾರ್ಬಡೋಸಿನ ಓವೆನ್ ಆರ್ಥರ್ ಮತ್ತು ಟ್ರಿನಿಡಾಡಿನ ಪ್ಯಾಟ್ರಿಕ್ ಮ್ಯಾನಿಂಗ್, ಕೂತು ಮಾತಾಡಿದರು. ಬಗೆಹರಿಯಲಿಲ್ಲ. ಅದೇ ದಿನದ ತಾರೀಖು ಹಾಕಿ ಬಾರ್ಬಡೋಸ್ ಅಂತರರಾಷ್ಟ್ರೀಯ ಪಂಚಾಯ್ತಿಗೆ ದೂರು ಕೊಟ್ಟಿತು. ಗಡಿ ಎಲ್ಲಿ ಅನ್ನುವುದರ ಜೊತೆಗೆ, ಟೊಬೇಗೋ ನೀರಲ್ಲಿ ಮೀನು ಹಿಡಿಯುವುದು ನಮ್ಮವರ ತಲೆತಲಾಂತರದ ಹಕ್ಕು ಅಂತಲೂ ವಾದಿಸಿತು.

2006ರ ಏಪ್ರಿಲ್ 11ರಂದು ತೀರ್ಪು ಬಂತು. ಗಡಿಯನ್ನು ಬಹುಪಾಲು ಎರಡೂ ತೀರಗಳಿಗೆ ಸಮದೂರದ ಗೆರೆಯಲ್ಲಿ ಎಳೆದರು, ಪೂರ್ವದ ತುದಿಯಲ್ಲಿ ಟ್ರಿನಿಡಾಡಿಗೆ ಅನುಕೂಲವಾಗುವಂತೆ ಸ್ವಲ್ಪ ವಾಲಿಸಿದರು. ಮೀನಿನ ವಿಷಯದಲ್ಲಿ ಬಾರ್ಬಡೋಸಿನ ವಾದ ನಿಲ್ಲಲಿಲ್ಲ. ದೂರ ಹೋಗಿ ಮೀನು ಹಿಡಿಯುವುದು ಶುರುವಾದದ್ದೇ ಮಂಜುಗಡ್ಡೆ ದೋಣಿ ಬಂದ ಮೇಲೆ, ಅಷ್ಟು ಚಿಕ್ಕ ಅವಧಿಯನ್ನು ಪರಂಪರೆ ಅನ್ನಲಾಗದು ಅಂತ ನ್ಯಾಯಮಂಡಳಿ ಹೇಳಿತು. ಟ್ರಿನಿಡಾಡಿನ ವಲಯದೊಳಗೆ ಮೀನು ಹಿಡಿಯುವ ಹಕ್ಕು ಕೊಡುವ ಅಧಿಕಾರವೂ ತನಗಿಲ್ಲ ಅಂದಿತು. ಆದರೆ ಎರಡೂ ದೇಶಗಳು ಸದುದ್ದೇಶದಿಂದ ಕೂತು ಮೀನುಗಾರಿಕೆ ಒಪ್ಪಂದ ಮಾಡಿಕೊಳ್ಳಲು ಬದ್ಧರು ಅಂತಲೂ ಸೇರಿಸಿತು. ಅಂದರೆ, ಮತ್ತೆ ಮನೆಗೆ ಹೋಗಿ ಮಾತಾಡಿಕೊಳ್ಳಿ!

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾವು ಅನಾದಿಯಿಂದ ಹೀಗೇ ಅಂತ ಹೇಳುವ ಎಷ್ಟು ಸಂಗತಿಗಳಿಗೆ ಬರೀ ಇಪ್ಪತ್ತೈದು ವರ್ಷ ವಯಸ್ಸಿರಬಹುದು! ಆದರೆ ಅದರಿಂದ ಆ ಮೀನುಗಾರರ ಸಂಕಟ ಸುಳ್ಳಾಗುವುದಿಲ್ಲ. ಅಂಗಿ ಹೊಲಿಯುವ ಕೆಲಸ ಹೋದ ದೇಶ ಅದು. ಬ್ಯಾಂಕು ಪಕ್ಕದವನದು, ಬಿಸ್ಕತ್ತು ಪಕ್ಕದವನದು, ತನ್ನ ಎಣ್ಣೆಯೂ ಪಕ್ಕದವನ ಮಿಲ್ಲಿಗೆ ಹೋಗಿಬರುತ್ತೆ. ಕೊನೆಗೆ ನಾಣ್ಯದ ಮೇಲಿನ ಮೀನನ್ನೂ ಪಕ್ಕದವನ ಅಪ್ಪಣೆ ಪಡೆದು ಹಿಡಿಯಬೇಕು ಅಂದಾಗ ಬಂದ ಸಿಟ್ಟು ಬರೀ ಮೀನಿನದಲ್ಲ. ಟೊಬೇಗೋದ ಮೀನುಗಾರನಿಗೂ ತನ್ನ ಕಡಲು ತನ್ನದೇ ಅನಿಸುವುದು ತಪ್ಪೇನಲ್ಲ. ಒಪ್ಪಂದ ಸರಕಿನ ಸುಂಕವನ್ನು ತೆಗೆದುಹಾಕಿತ್ತು. ಯಾರ ಕೈ ಮೇಲು, ಯಾರ ಕೈ ಕೆಳಗೆ ಅನ್ನುವ ಲೆಕ್ಕವನ್ನು ತೆಗೆಯಲು ಅದರ ಕೈಯಲ್ಲಿ ಆಗಲಿಲ್ಲ.

ಆಮೇಲೆ ಕಾಲ ಇಬ್ಬರಿಗೂ ಪಾಠ ಹೇಳಿತು. 2018ರಲ್ಲಿ ನಷ್ಟದಲ್ಲಿದ್ದ ಪಾಯಿಂಟ್-ಅ-ಪಿಯೆರ್ ರಿಫೈನರಿಯನ್ನು ಟ್ರಿನಿಡಾಡ್ ಮುಚ್ಚಿತು. 2011ರಿಂದ ಸರ್ಗಾಸಮ್ ಎಂಬ ಕಡಲಕಳೆ ರಾಶಿ ರಾಶಿಯಾಗಿ ತೇಲಿ ಬಂದು ಮೀನುಗಾರರ ಬಲೆಗೆ ತೊಡರಿತು, ಹಾರುವ ಮೀನು ಸಿಗುವುದೂ ಕಡಿಮೆಯಾಯಿತು. 2014ರಲ್ಲಿ ಪೂರ್ವ ಕೆರಿಬಿಯನ್ ದೇಶಗಳು ಈ ಮೀನನ್ನು ಒಟ್ಟಾಗಿ ಕಾಪಾಡುವ ಯೋಜನೆಯೊಂದನ್ನು ಒಪ್ಪಿಕೊಂಡವು. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಬಾರ್ಬಡೋಸಿನ ಬಹಳಷ್ಟು ಮೀನುದೋಣಿಗಳನ್ನು ಒಡೆದು ಹಾಕಿತು. ಗೆರೆ ಎಲ್ಲಿ ಅಂತ ಎರಡು ವರ್ಷ ವಾದ ಮಾಡಿದ್ದಾಯಿತು. ಆ ಗೆರೆ ಗಾಳಿಗೂ ಗೊತ್ತಿಲ್ಲ, ಕಳೆಗೂ ಗೊತ್ತಿಲ್ಲ, ಮೀನಿಗಂತೂ ಮೊದಲೇ ಗೊತ್ತಿರಲಿಲ್ಲ.

ಮುಂದಿನ ಸಲ ವೆಸ್ಟ್ ಇಂಡೀಸ್ ಆಟ ನೋಡುವಾಗ ಸ್ವಲ್ಪ ಗಮನಿಸಿ. ಟ್ರಿನಿಡಾಡಿನವನು ಬೌಲ್ ಮಾಡಿ, ಬಾರ್ಬಡೋಸಿನವನು ಕ್ಯಾಚ್ ಹಿಡಿದರೆ ಇಬ್ಬರೂ ತಬ್ಬಿಕೊಂಡು ಕುಣಿಯುತ್ತಾರೆ. ಅದು ಯಾರ ಕಡೆಯ ಕ್ಯಾಚ್ ಅಂತ ಅಲ್ಲಿ ಯಾರೂ ಕೇಳೋದಿಲ್ಲ.