ಹಾನಗಲ್ಲಿನ ಕಂಬ ಸಿಎನ್‌ಸಿ ಕೊರೆದದ್ದಲ್ಲ

ಕಂತು 1

ತಾರಕೇಶ್ವರ ಗುಡಿಯ ಕಂಬದ ಒಂದು ರೀಲ್ ಕಳೆದ ವಾರದಿಂದ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಸುತ್ತಾಡಾಕತ್ತೈತಿ. ಹಿಂದೆ ಡ್ರಮ್ಸ್ ಸದ್ದು, ಮೇಲೆ ದಪ್ಪಕ್ಷರ: "900 ವರ್ಷದ ಹಿಂದೆಯೇ ಸಿಎನ್‌ಸಿ ಮಷಿನ್!" ಆರು ಮಂದಿ ನನ್ನ ಟ್ಯಾಗ್ ಮಾಡೀರಿ, ಯಾಕಂದ್ರ ಶಿಗ್ಗಾವಿಯ ನಮ್ಮ ಮನೆ ಹಿತ್ತಲ ಶೆಡ್ಡಿನಲ್ಲಿ ಒಂದು ಸಣ್ಣ ಸಿಎನ್‌ಸಿ ರೌಟರ್ ಇರೋದು ನಿಮಗೆಲ್ಲ ಗೊತ್ತು. ಸರಿ, ಉತ್ತರ ಕೊಡ್ತೀನಿ. ಒಂದು ಕ್ಯಾಪ್ಶನ್ನಿನಲ್ಲಿ ಹಿಡಿಸೋದಿಲ್ಲ, ಐದು ಕಂತು ಆಗ್ತದ.

ಮೊದಲೇ ಹೇಳಿಬಿಡ್ತೀನಿ: 12ನೇ ಶತಮಾನದ ಹಾನಗಲ್ಲಿನಲ್ಲಿ ಸಿಎನ್‌ಸಿ ಇರಲಿಲ್ಲ. ಆದರೆ ಮಷಿನ್ ಇತ್ತು. ರೀಲ್ ಮಾಡಿದವರು ಇಲ್ಲದ ಮಷಿನ್ ತೋರಿಸೋ ಭರದಲ್ಲಿ ಇದ್ದ ಮಷಿನ್ನನ್ನೇ ಬಿಟ್ಟುಬಿಟ್ಟಾರ.

ಕಂತು 2

ಕಲ್ಲಿನಿಂದ ಶುರು ಮಾಡೋಣ. ಬಾದಾಮಿ ಚಾಲುಕ್ಯರು ಕಟ್ಟಿಸಿದ್ದು ಮರಳುಗಲ್ಲಿನಲ್ಲಿ. 11ನೇ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲಕ್ಕೆ, ಶಿಲ್ಪಿಗಳು ಬಳಪದ ಕಲ್ಲಿಗೆ ಹೊರಳಿದರು. ಈ ಕಲ್ಲಿನಲ್ಲಿ ಎದ್ದ ಮೊದಲ ಗುಡಿ ಅಣ್ಣಿಗೇರಿಯ ಅಮೃತೇಶ್ವರ, 1050ರದ್ದು ಅಂತ ಇತಿಹಾಸಕಾರರು ಎಣಿಸ್ತಾರ. ಇದು ಹೇರಳವಾಗಿ ಸಿಗೋದು ಎಲ್ಲಿ? ಹಾವೇರಿ, ಸವಣೂರು, ಬ್ಯಾಡಗಿ, ಮೋಟೆಬೆನ್ನೂರು, ಹಾನಗಲ್ಲ. ನಾವು ದಿನಾ ಬಸ್ಸಿನಲ್ಲಿ ದಾಟೋ ನೆಲ. ಸವಣೂರು ಅಂದ್ರ ನಿಮಗೆ ನವಾಬರು, ವೀಳ್ಯದೆಲೆ, ಕಲ್ಮಠದ ದೊಡ್ಡ ಹುಣಸೆ ಮರ ನೆನಪಾಗ್ತಾವ. ಕಲ್ಲನ್ನೂ ಆ ಪಟ್ಟಿಗೆ ಸೇರಿಸ್ರಿ.

ಮರಳುಗಲ್ಲು ಕಾಳುಕಾಳು. ಬಳಪದ ಕಲ್ಲು ನುಣುಪು, ಮೆದು, ಉಳಿಗೆ ಬಗ್ಗುತ್ತದ, ತಿಕ್ಕಿದರೆ ಹೊಳಪು ಬರ್ತದ. ಇಂಥ ಕಲ್ಲು ಕೈಗೆ ಬಂದಾಗ ಒಂದು ಹೊಸ ಕೆಲಸ ಸಾಧ್ಯ ಆತು. ಕಲ್ಲಿನ ದಿಂಡನ್ನು ಅದರ ನಡುಗೆರೆಯ ಸುತ್ತ ತಿರುಗಿಸೋದು, ಉಳಿಯನ್ನು ಅಲುಗದ ಹಾಗೆ ಒತ್ತಿ ಹಿಡಿಯೋದು. ದಿಂಡು ಒಂದು ಸುತ್ತು ಬಂದರೆ ಒಂದು ಉಂಗುರ. ಇದೇ ಲೇತ್. ನಮ್ಮ ಪುಸ್ತಕಗಳಲ್ಲಿ ಇವಕ್ಕೆ ತಿರುಗಣೆ ಕಂಬ ಅಂತ ಹೆಸರು.

ಇಲ್ಲೊಂದು ಸಣ್ಣ ಅಡ್ಡದಾರಿ. ಮನ್ಯಾಗ ಮಜ್ಜಿಗಿಯನ್ನೂ 'ಕಡೀತಾರ', ಗುಡಿಯ ಮೂರ್ತಿಯನ್ನೂ 'ಕಡೆದಾರ' ಅಂತೀವಿ. ಒಂದೇ ಕ್ರಿಯಾಪದ. ಅಜ್ಜಿಯ ಕಡಗೋಲು ನೋಡ್ರಿ: ನಡುವೆ ಒಂದು ಕೋಲು, ಸುತ್ತ ಹಗ್ಗ, ಎರಡೂ ತುದಿ ಹಿಡಿದು ಎಳೆದರೆ ಕೋಲು ಹಿಂದಕ್ಕೂ ಮುಂದಕ್ಕೂ ತಿರುಗ್ತದ. ಮರ ಕಡೆಯೋ ಹಳೇ ಕೈಲೇತಿನ ತತ್ವವೂ ಅದೇ. ನನಗಂತೂ ಈ ಮಾತು ಗುಪ್ತ ತಂತ್ರಜ್ಞಾನದ ಕಥೆಗಿಂತ ರುಚಿ ಅನ್ನಿಸ್ತದ.

ಕಂತು 3

ಈಗ ಫೋಟೋ ಝೂಮ್ ಮಾಡ್ರಿ. ಕಂಬದ ಬುಡ ಚೌಕ. ಅದರ ಮೇಲೆ ಗಂಟೆಯ ಆಕಾರ, ಉಂಗುರ, ತಗ್ಗು, ಮತ್ತೆ ಉಂಗುರ. ಎಲ್ಲಾ ಒಂದೇ ನಡುಗೆರೆಯ ಸುತ್ತ ಪಕ್ಕಾ ದುಂಡು. ತಿರುಗಿಸಿದ ಭಾಗ ದುಂಡಾತು, ಉಳಿ ಮುಟ್ಟದ ಬುಡ ಚೌಕವಾಗಿಯೇ ಉಳೀತು. ಮಷಿನ್ ಹೋಗೈತಿ, ಅದರ ಸಹಿ ಕಲ್ಲಿನ ಮೈಮೇಲೆ ಐತಿ.

ನಮ್ಮ ತಾಲೂಕಿನಲ್ಲಿ ನೋಡಬೇಕಂದ್ರ ಬಂಕಾಪುರ ಕೋಟೆಗೆ ಹೋಗ್ರಿ. ನಗರೇಶ್ವರ ಗುಡಿಗೆ ಊರವರು 'ಅರವತ್ತು ಕಂಬದ ಗುಡಿ' ಅಂತಾರ, ಎಣಿಸಿದರೆ 66. (ನವಿಲು ನೋಡಾಕ ಹೋಗಿ ಗುಡಿ ನೋಡದೇ ಬಂದವರು ನಮ್ಮ ಕ್ಲಾಸಿನಲ್ಲೇ ಅದಾರ, ಹೆಸರು ಹೇಳೋದಿಲ್ಲ.) ಹಿರೇಕೆರೂರು ಕಡೆಯವರಿಗೆ ರಟ್ಟೀಹಳ್ಳಿಯ ಕದಂಬೇಶ್ವರ ಹತ್ತಿರ.

ಆದರೆ ಆ ಕಾಲದ ಎಲ್ಲಾ ಕಂಬ ದುಂಡಗಿಲ್ಲ. ನಕ್ಷತ್ರದ ಹಾಗೆ ಮೂಲೆ ಮೂಲೆ ಇರೋ ಕಂಬಗಳೂ ಅದಾವ. ಅವನ್ನು ಲೇತಿನಲ್ಲಿ ಹೀಗೆ ತಿರುಗಿಸಿ ತೆಗೆಯೋಕೆ ಆಗೋದಿಲ್ಲ, ತಿರುಗಿದ್ದೆಲ್ಲ ದುಂಡೇ ಆಗ್ತದ. ಅಲ್ಲಿ ಕೆಲಸ ಮಾಡಿದ್ದು ರೇಖಾಗಣಿತ: ಒಂದು ಚೌಕ ಬರೆ, ಅದೇ ನಡುಬಿಂದುವಿನ ಮೇಲೆ ಸ್ವಲ್ಪ ತಿರುಗಿಸಿ ಮತ್ತೆ ಬರೆ. ಗದಗ ಜಿಲ್ಲೆಯ ಡಂಬಳದಲ್ಲಿ ದೊಡ್ಡಬಸಪ್ಪ ಗುಡಿಯ ಇಡೀ ಪಾಯವೇ 24 ಮೂಲೆಯ ನಕ್ಷತ್ರ. ಆರು ಚೌಕ, ಒಂದೊಂದರ ನಡುವೆ 15 ಡಿಗ್ರಿ. ಲೆಕ್ಕ ಕೂಡಿಸಿ ನೋಡ್ರಿ, ತಾಳೆ ಆಗ್ತದ. ಇದಕ್ಕೆ ಬೇಕಾದ್ದು ಗೂಟ, ದಾರ, ಮತ್ತು ತಲೆ.

ಅಂದ್ರ ಅವರ ಹತ್ತಿರ ಮಷಿನ್ನೂ ಇತ್ತು, ಲೆಕ್ಕವೂ ಇತ್ತು. ಲೆಕ್ಕವೇ ಮಷಿನ್ನನ್ನು ನಡೆಸೋದು ಮಾತ್ರ ಇರಲಿಲ್ಲ. ಸಿಎನ್‌ಸಿ ಅಂದ್ರ ಅದು.

ಕಂತು 4

ಅದು ಹುಟ್ಟಿದ್ದು ಅಮೆರಿಕದಲ್ಲಿ, ಹೆಲಿಕಾಪ್ಟರಿನ ರೆಕ್ಕೆಯಿಂದ. 1940ರ ದಶಕದಲ್ಲಿ ಮಿಷಿಗನ್ನಿನ ಜಾನ್ ಪಾರ್ಸನ್ಸ್ ಅನ್ನೋರಿಗೆ ರೆಕ್ಕೆಯ ಬಾಗು ನಿಖರವಾಗಿ ಬೇಕಿತ್ತು. ಪಂಚ್ ಕಾರ್ಡ್ ಯಂತ್ರದಲ್ಲಿ ಬಾಗಿನ ಬಿಂದುಗಳ ಲೆಕ್ಕ ಹಾಕಿಸಿದರು. ಆಮೇಲೆ ಏನು ಮಾಡಿದರು ಗೊತ್ತೇನು? ಒಬ್ಬ ಅಂಕಿ ಓದೋದು, ಒಬ್ಬ ಎಕ್ಸ್ ಕಡೆಯ ಹಿಡಿಕೆ ತಿರುಗಿಸೋದು, ಇನ್ನೊಬ್ಬ ವೈ ಕಡೆಯದು. ಮೂರು ಮಂದಿ ಸೇರಿ ಒಂದು ಸಿಎನ್‌ಸಿ! ಆ ಮೂವರ ಕೆಲಸವನ್ನು ಕಾಗದದ ಪಟ್ಟಿಗೆ ಕೊಟ್ಟಿದ್ದು ಎಂಐಟಿ. 1952ರಲ್ಲಿ ತೂತು ಹೊಡೆದ ಟೇಪ್ ಓದಿ ತಾನೇ ನಡೆಯೋ ಮಿಲ್ಲಿಂಗ್ ಯಂತ್ರವನ್ನು ಅವರು ಜನರಿಗೆ ತೋರಿಸಿದರು.

ಅದರ ಮರುವರ್ಷ, 1953ರಲ್ಲಿ, ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾತು. ಅಜ್ಜಂದಿರ ಕೈಗಡಿಯಾರದ ಎಚ್‌ಎಂಟಿಯೇ, ಆದರೆ ಅದು ಹುಟ್ಟಿದ್ದು ಲೇತ್ ಮಾಡಾಕ, ಗಡಿಯಾರ ಬಂದದ್ದು ಆಮೇಲೆ. 1962ರಲ್ಲಿ ಅದೇ ಊರಿನಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದೇ ಸಿಎಂಟಿಐ ಬಂತು. ಆದರೂ ಸಿಎನ್‌ಸಿ ಅನ್ನೋದು ದಶಕಗಳ ಕಾಲ ಕಾರ್ಖಾನೆಯ ಮಾತಾಗಿಯೇ ಉಳೀತು. ಮನೆಯ ಶೆಡ್ಡಿಗೆ ಅದನ್ನು ತಂದಿದ್ದರಲ್ಲಿ ಗರ್ಬಲ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನ ಪಾಲು ದೊಡ್ಡದು. 2009ರಲ್ಲಿ ಶುರುವಾದದ್ದು, ಸಾದಾ ಆರ್ಡುಯಿನೋ ಬೋರ್ಡಿನ ಮೇಲೆ ಓಡ್ತದ. ನನ್ನ ಮಷಿನ್ನಿನ ಒಳಗಿರೋದೂ ಅದೇ.

ಹೆಸರು 3018, ಅಂದ್ರ 300 ಮಿ.ಮೀ. ಉದ್ದ, 180 ಮಿ.ಮೀ. ಅಗಲದ ಹಾಸು. ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡ್ತದ, ಆ ಸುತ್ತಿಗೆ ಸ್ಕ್ರೂ 4 ಮಿ.ಮೀ. ಸರಿಸ್ತದ. ಹಂಗಾಗಿ ಒಂದು ಹೆಜ್ಜೆ ಅಂದ್ರ 0.02 ಮಿ.ಮೀ. ಕಾಗದದ ಮೇಲೆ ಬಲು ಜೋರು. ಆದರೆ ಅದಕ್ಕೆ ಕಣ್ಣಿಲ್ಲ. ತಾನು ಎಲ್ಲಿದೀನಿ ಅಂತ ನೋಡೋದಿಲ್ಲ, ಹೆಜ್ಜೆ ಎಣಿಸ್ತದ ಅಷ್ಟೇ. ನಡುವೆ ಕರೆಂಟ್ ಹೋದ್ರ ಎಣಿಕೆ ಮರೀತದ. ಶಿಗ್ಗಾವಿಯಲ್ಲಿ ಕರೆಂಟಿನ ಕಥೆ ನಿಮಗೆ ಹೇಳಬೇಕಾಗಿಲ್ಲ. ಅದಕ್ಕೇ ಹಲಗೆಯ ಮೂಲೆಯಲ್ಲಿ ಒಂದು ಗುರುತು ಮಾಡಿಟ್ಟು, ಕರೆಂಟ್ ಬಂದಮೇಲೆ ಅಲ್ಲಿಂದ ಮತ್ತೆ ಸೊನ್ನೆ ಹಿಡೀಬೇಕು.

ಕಂತು 5

ಈಗ ರೀಲಿನ ಮಾತು. ಗುಡಿಯ ಕೆತ್ತನೆ ಸಿಎನ್‌ಸಿಯದ್ದಲ್ಲ ಅಂತ ಮಷಿನ್ ಓಡಿಸೋರಿಗೆ ಎರಡು ಕಡೆ ಗೊತ್ತಾಗ್ತದ.

ಒಂದು, ಒಳಮೂಲೆ. ರೌಟರ್ ಬಿಟ್ ತಾನೇ ಸುತ್ತೋ ವಸ್ತು. 3 ಮಿ.ಮೀ. ಬಿಟ್ ಹಾಕಿದರೆ ಚೌಕ ಗುಂಡಿಯ ಒಳಮೂಲೆಯಲ್ಲಿ 1.5 ಮಿ.ಮೀ. ತ್ರಿಜ್ಯದ ದುಂಡು ಉಳಿಯೋದೇ. ವಿ-ಬಿಟ್ ಹಾಕಿದರೆ ಮೂಲೆ ಮೊನಚಾಗ್ತದ, ಆದರೆ ಗೋಡೆ ಇಳಿಜಾರು ಆಗ್ತದ. ನೆಟ್ಟಗಿನ ಗೋಡೆ, ಚೂಪು ಮೂಲೆ ಎರಡೂ ಒಟ್ಟಿಗೆ ಕೊಡೋದು ಉಳಿ.

ಎರಡು, ಹಿಂಬದಿ. ನನ್ನ ಬಿಟ್ ಮೇಲಿನಿಂದ ಮಾತ್ರ ಇಳೀತದ, ಎಲೆಯ ಹಿಂದೆ ಕೈಹಾಕಿ ಟೊಳ್ಳು ಮಾಡಾಕ ಅದಕ್ಕೆ ಬರೋದಿಲ್ಲ. ಬೇಲೂರಿನ ಮದನಿಕೆಯರ ತಲೆಮೇಲಿನ ಬಳ್ಳಿಚಪ್ಪರ ನೋಡಿದವರಿಗೆ ನಾನು ಹೇಳೋದು ತಿಳೀತದ. ಅಲ್ಲಿ ಕೆಲವು ಮೂರ್ತಿಗಳ ಕೆಳಗೆ ಹೆಸರೂ ಅದಾವ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಳ್ಳಿಗಾವೆ ಎಲ್ಲೋ ದೂರದ ಊರಲ್ಲ, ಹಿರೇಕೆರೂರಿನ ಪಕ್ಕದ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ. ನಮ್ಮ ಸೀಮೆಯ ಅಪ್ಪ-ಮಗ ಬಳಪದ ಕಲ್ಲಿನ ಕಸುಬು ಹೊತ್ತುಕೊಂಡು ಹೊಯ್ಸಳರ ಊರಿಗೆ ಹೋಗಿ ಕೆತ್ತಿ, ಸಹಿ ಹಾಕಿ ಬಂದಾರ.

ರೀಲಿನ ಮೇಲೆ ನನ್ನ ಸಿಟ್ಟು ಇಷ್ಟಕ್ಕೇ. "ಮನುಷ್ಯರಿಂದ ಆಗೋ ಕೆಲಸ ಅಲ್ಲ ಇದು" ಅಂತ ಕಮೆಂಟಿನಲ್ಲಿ ನೂರಾರು ಮಂದಿ ಬರೆದಾರ. ಹೊಗಳಿಕೆ ಅಂತಲೇ ಬರೆದಾರ, ಖರೆ. ಆದರೆ ಹಂಗಂದ ಕೂಡಲೇ ದಾಸೋಜ ಹೋದ, ಚಾವಣ ಹೋದ. ಶಾಸನದಲ್ಲಿ ಹೆಸರೇ ಬರದವರು, ಕಲ್ಲು ಒಡೆದವರು, ಗಾಡಿ ಹೊಡೆದವರು, ದಿಂಡು ತಿರುಗಿಸಿ ತೋಳು ಸೋತವರು, ಅವರಂತೂ ಎರಡನೇ ಸಲ ಹೋದರು.

ಇವತ್ತು ನಮ್ಮ ಪ್ಯಾಟಿಯ ಅಂಗಡಿಗಳಲ್ಲಿ ದೇವರಮನೆ ಬಾಗಿಲಿಗೆ ಸಿಎನ್‌ಸಿ ಗಣಪತಿ ಕೊರೆಸಿಕೊಡ್ತಾರ. ಫೈಲ್ ಒಂದೇ, ಹತ್ತು ಮನೆಗೆ ಹತ್ತು ಒಂದೇ ಗಣಪತಿ. ತಪ್ಪೇನಿಲ್ಲ, ನಾನೂ ಎಂಡಿಎಫ್ ಮೇಲೆ ಅಂಥದ್ದೇ ಕೊರೀತೀನಿ. ಆದರೆ ಬಿಟ್ ದುಂಡಗೆ ಬಿಟ್ಟ ಒಳಮೂಲೆಯನ್ನು ಕೊನೆಗೆ ನಾನು ಚೂಪು ಮಾಡೋದು ಕಾಲಿಂಚಿನ ಉಳಿಯಿಂದ.

ಭಾನುವಾರ ಹಾನಗಲ್ಲಿಗೆ ಯಾರು ಬರ್ತೀರಿ? ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಉಂಗುರ ಚಲೋ ಕಾಣ್ತಾವ. ಮಂಟಪದ ನಡುವೆ ನಿಂತು ಕತ್ತೆತ್ತಿದರೆ ಎಂಟು ಮೂಲೆಯ ಚಾವಣಿ, ಅದರಿಂದ ಇಳಿಬಿದ್ದ ಕಮಲ. ಅದರ ಮಾತು ಬೇರೆ ಕಂತಿಗೆ. ಸ್ಕೇಲ್ ತರ್ರಿ, ಕಂಬಕ್ಕೆ ತಾಗಿಸಬ್ಯಾಡ್ರಿ, ಪಕ್ಕ ಹಿಡಿದು ಫೋಟೋ ತೆಗೆದರೆ ಸಾಕು.

#ಹಾನಗಲ್ಲ #ಶಿಗ್ಗಾವಿ #ಸವಣೂರು #ಹಿರೇಕೆರೂರು #ತಿರುಗಣೆಕಂಬ #ಹಿತ್ತಲಶೆಡ್ಡು