ಗರಿ-ನೂಲಿನ ನೊಣಕ್ಕೊಂದು ಗುರುತಿನ ಚಿತ್ರ

ಕೊಕ್ಕೆಗೆ ಎರೆಹುಳು ಸಿಕ್ಕಿಸಿ ಕೆರೆಯ ದಂಡೆಯಲ್ಲಿ ಕೂರುವುದು ಎಲ್ಲರೂ ಬಲ್ಲ ಗಾಳಗಾರಿಕೆ. ಹುಳುವಿನ ಬದಲು ಕೊಕ್ಕೆಗೇ ಹುಳುವಿನ ವೇಷ ತೊಡಿಸಿ ಮೀನನ್ನು ಮರುಳು ಮಾಡುವ ವಿದ್ಯೆಯೂ ಇದೆ. ಮ್ಯಾಸಿಡೋನಿಯದ ಬೆಸ್ತರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟುತ್ತಿದ್ದರೆಂದು ರೋಮನ್ ಲೇಖಕ ಈಲಿಯನ್ ಸುಮಾರು 1800 ವರ್ಷಗಳ ಹಿಂದೆ ಬರೆದಿದ್ದಾನೆ. ಇಂಗ್ಲಿಷಿನಲ್ಲಿ ಇದರ ಹೆಸರು ‘ಫ್ಲೈ’, ಅಂದರೆ ನೊಣ.

ಈ ನೊಣಕ್ಕೆ ಆಯುಷ್ಯ ಕಡಿಮೆ. ಮೀನಿನ ಹಲ್ಲಿಗೆ ಸಿಕ್ಕಿ ಚಿಂದಿಯಾಗುತ್ತದೆ. ಜೋಪಾನವಾಗಿ ಡಬ್ಬಿಯಲ್ಲಿಟ್ಟರೆ ನುಸಿ ಬಿಡುವುದಿಲ್ಲ. ಕಟ್ಟಿದ ಕೈ ಹೋದ ಮೇಲೆ ಉಳಿಯುವುದು ಹೆಸರೊಂದೇ. 1496ರಲ್ಲಿ ಅಚ್ಚಾದ ಇಂಗ್ಲಿಷ್ ಗ್ರಂಥವೊಂದು 12 ಬಗೆಯ ನೊಣಗಳನ್ನು ಬಣ್ಣಿಸುತ್ತದೆ. ಆದರೆ ಅದರಲ್ಲಿ ನೊಣಗಳ ಚಿತ್ರವಿಲ್ಲ. ಇಂತಹ ಬಣ್ಣದ ಉಣ್ಣೆ, ಇಂತಹ ಹಕ್ಕಿಯ ರೆಕ್ಕೆ ಎಂದಷ್ಟೇ ಹೇಳಿದರೆ ಹತ್ತು ಮಂದಿ ಹತ್ತು ಬಗೆಯಲ್ಲಿ ಕಟ್ಟಿಯಾರು!

ಆಲ್‌ಫ್ರೆಡ್ ರೊನಾಲ್ಡ್ಸ್ 1836ರಲ್ಲಿ ನಿಜವಾದ ಕೀಟವನ್ನೂ ಅದರ ಕೃತಕ ರೂಪವನ್ನೂ ಒಟ್ಟಿಗೆ ಚಿತ್ರಿಸಿದ. ಆದರೆ ಅಂದು ಅಚ್ಚಾದ ಚಿತ್ರಗಳಿಗೆ ಕೈಯಿಂದಲೇ ಬಣ್ಣ ತುಂಬಬೇಕಿತ್ತು. ಅಂತಹ ಪುಸ್ತಕ ಬಡವನ ಕೈಗೆಟುಕುವುದು ಹೇಗೆ?

ಹೆಸರುಗಳ ಗೊಂದಲದಿಂದ ನಿಜಕ್ಕೂ ಪೇಚಿಗೆ ಸಿಕ್ಕಿದ್ದು ವ್ಯಾಪಾರಿಗಳು. ಅಮೆರಿಕದ ವರ್ಮಾಂಟ್ ರಾಜ್ಯದ ಮ್ಯಾಂಚೆಸ್ಟರ್ ಊರಿನಲ್ಲಿ ಚಾರ್ಲ್ಸ್ ಆರ್ವಿಸ್ ಎಂಬಾತನ ಗಾಳದ ಸಾಮಾನಿನ ವ್ಯವಹಾರವಿತ್ತು. ಗಿರಾಕಿ ಕೇಳಿದ ಹೆಸರೊಂದು, ಅವನ ಮನಸ್ಸಿನಲ್ಲಿದ್ದ ನೊಣವೇ ಇನ್ನೊಂದು. ನೊಣ ಕಟ್ಟುವ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಆತನ ಮಗಳು ಮೇರಿ ಆರ್ವಿಸ್ ಮಾರ್ಬರಿ, ದೇಶದ ಮೂಲೆಮೂಲೆಯ ಗಾಳಗಾರರ ಪತ್ರಗಳನ್ನು ಕಲೆಹಾಕಿ, 1892ರಲ್ಲಿ 32 ಬಣ್ಣದ ಚಿತ್ರಪುಟಗಳಿರುವ ಗ್ರಂಥವನ್ನು ಹೊರತಂದಳು. ಮರುವರ್ಷ ಷಿಕಾಗೋದ ವಿಶ್ವಮೇಳಕ್ಕೆ ಆಕೆ ಸಿದ್ಧಪಡಿಸಿದ ಫಲಕಗಳಲ್ಲಿ ಮೀನಿನ ತಾಣಗಳ ಛಾಯಾಚಿತ್ರಗಳಿದ್ದವು. ಜೊತೆಗೆ ನಿಜವಾದ ನೊಣಗಳನ್ನೇ ಜೋಡಿಸಿದ್ದಳು. ಅಂದಿನ ಕ್ಯಾಮೆರಾ ನದಿಯನ್ನು ಹಿಡಿಯಬಲ್ಲದಾಗಿತ್ತು, ಬಣ್ಣವನ್ನಲ್ಲ. ಆ ಕಾಲದ ಸಾಮಾನ್ಯ ಗಾಜಿನ ಫಲಕಕ್ಕೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಉಣ್ಣೆಯೂ ಕಪ್ಪು ಗರಿಯೂ ಚಿತ್ರದಲ್ಲಿ ಒಂದೇ!

ಬಣ್ಣದ ಫಿಲ್ಮ್ ಬಂದ ಮೇಲೆ ಈ ತೊಡಕು ತಪ್ಪಿತು. ಇಂದು ಮೊಬೈಲು ಅಥವಾ ಹಳೆಯ ಕ್ಯಾಮೆರಾ, ಒಂದು ಸ್ಟ್ಯಾಂಡು, ಕಿಟಕಿ, ಎರಡು ಹಾಳೆ ಕಾಗದ ಇದ್ದರೆ ಸಾಕು. ಕೊಕ್ಕೆಯ ಬಾಗನ್ನು ಬಿರಡೆಗೆ ಚುಚ್ಚಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಡಬೇಕು. ನೆರಳಿನ ಕಡೆ ಬಿಳಿ ಕಾಗದ ಹಿಡಿದರೆ ಬೆಳಕು ಮರಳಿ ಬೀಳುತ್ತದೆ. ಹಿನ್ನೆಲೆಗೆ ಬೂದು ಕಾಗದ ವಾಸಿ, ಅದೂ ಒಂದಡಿ ಹಿಂದೆ. ಅಚ್ಚ ಬಿಳಿಯಾದರೆ ಕ್ಯಾಮೆರಾ ಮೋಸಹೋಗಿ ನೊಣವನ್ನು ಕಪ್ಪಾಗಿಸುತ್ತದೆ. ಇಷ್ಟು ಹತ್ತಿರದಿಂದ ತೆಗೆಯುವಾಗ ತಲೆ ಸ್ಪಷ್ಟವಾದರೆ ಬಾಲ ಮಸುಕು. ಆದ್ದರಿಂದ ನೊಣ ಲೆನ್ಸಿಗೆ ಪೂರ್ತಿ ಪಕ್ಕೆ ಕೊಟ್ಟು ನಿಲ್ಲಬೇಕು. ಲೆನ್ಸಿನ ಕಿಂಡಿ ಕಿರಿದಾದಷ್ಟೂ ಒಳ್ಳೆಯದು. ಆಗ ಬೆಳಕಿಗೆ ಹೆಚ್ಚು ಹೊತ್ತು ಬೇಕು. ಬೆರಳು ತಗುಲಿ ಅಲುಗದಂತೆ ಟೈಮರ್ ಇಡುವುದು ಕ್ಷೇಮ.

ಫ್ಲ್ಯಾಶ್ ಮಾತ್ರ ಬೇಡ. ಅದಕ್ಕೆ ಕಾರಣ ದಕ್ಷಿಣ ಭಾರತದ ಕಾಡಿನಲ್ಲೇ ಇದೆ. ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಹುಂಜಕ್ಕೆ ಕತ್ತಿನ ಗರಿಗಳ ಮೇಲೆ ಅರಗು ಇಟ್ಟಂತಹ ಹೊಳೆವ ಚುಕ್ಕೆಗಳಿವೆ. 19ನೇ ಶತಮಾನದ ಬ್ರಿಟನ್ನಿನ ಸಾಲ್ಮನ್ ಗಾಳಗಾರರು ನೊಣದ ‘ಕಣ್ಣಿಗೆ’ ಇದನ್ನೇ ಬಯಸುತ್ತಿದ್ದರು. ಫ್ಲ್ಯಾಶ್ ಬಿದ್ದರೆ ಆ ಚುಕ್ಕೆ ಬರೀ ಬಿಳಿ ಕಲೆ. ಭಾರತದಲ್ಲಿ ಈಗ ಆ ಹಕ್ಕಿಯ ಬೇಟೆಗೆ ನಿಷೇಧವಿದೆ. ಹಾಗಾಗಿ ಹಳೆಯ ನೊಣ ಹಾಳಾದರೆ ಅಂಥದೇ ಗರಿ ತಂದು ಕಟ್ಟುವುದು ಸುಲಭವಲ್ಲ. ಎರಡೂ ಪಕ್ಕದ ಚಿತ್ರ ತೆಗೆದು, ಅಳತೆಪಟ್ಟಿಯನ್ನೂ ಜೊತೆಗಿಟ್ಟು, ಕಟ್ಟಿದವರ ಹೆಸರು, ಗರಿ-ನೂಲಿನ ವಿವರ, ವರ್ಷ ಬರೆದಿಡಲು ಅರ್ಧ ಗಂಟೆ ಹಿಡಿದೀತು.