ಕಾವಲು ಕಾಯುವ ಕಣ್ಣುಗಳು



ಹಬ್ಬದ ಊಟಕ್ಕೆ ಅಥವಾ ಮದುವೆ ಮನೆಗೆ ಹೋದಾಗ ಎಲ್ಲರ ಕಣ್ಣೂ ಒಂದೇ ಕಡೆ ಇರುವುದಿಲ್ಲ. ಕೆಲವರು ಸೀರೆ ಒಡವೆ ನೋಡುತ್ತಾರೆ, ಕೆಲವರು ನೆಂಟರನ್ನು ಹುಡುಕುತ್ತಾರೆ. ಇನ್ನು ಕೆಲವರು ಮಾತ್ರ ಬೇರೆಯದೇ ಲೆಕ್ಕದಲ್ಲಿರುತ್ತಾರೆ. ಯಾರು ಎದ್ದು ಹಿತ್ತಲಿಗೆ ಹೋದರು, ಎಷ್ಟು ಹೊತ್ತಿಗೆ ಬಂದರು, ಯಾರ ಮಾತು ಜೋರಾಯಿತು, ಯಾರ ಲೋಟದಲ್ಲಿ ಏನಿದೆ? ಇವರು ಕುಡಿಯುವವರಲ್ಲ. ಕುಡಿಯುವ ಅಪ್ಪನ, ಗಂಡನ, ಅಣ್ಣನ ಜೊತೆ ವರ್ಷಗಟ್ಟಲೆ ಬಾಳಿದವರು. ಆ ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾದರೂ ಇವರ ಕಾವಲು ಮುಗಿಯುವುದಿಲ್ಲ. ನಾವೋ, ಅವರನ್ನು 'ಅನುಮಾನದ ಸ್ವಭಾವ' ಎಂದು ಸುಲಭವಾಗಿ ತಳ್ಳಿಹಾಕುತ್ತೇವೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಕೊಬ್ಬರಿ ಮಾಡುವವರು ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. ಪಳಗಿದವರು ಒಡೆಯದೆಯೇ, ಕಿವಿಯ ಬಳಿ ಅಲುಗಿಸಿ, ಒಳಗಿನ ಗಿಟುಕಿನ ಸದ್ದಿನಿಂದಲೇ ಅದು ಹದವಾಗಿದೆಯೇ ಎಂದು ಹೇಳಬಲ್ಲರು. ಕುಡಿತದ ಮನೆಯ ಮಕ್ಕಳೂ ಹಾಗೆಯೇ. ಬೀದಿ ತಿರುವಿನಲ್ಲಿ ಬೈಕಿನ ಸದ್ದು, ಚಪ್ಪಲಿ ಎಳೆಯುವ ರೀತಿ, ಚಿಲಕಕ್ಕೆ ಬಿದ್ದ ಕೈ, ಇಷ್ಟರಿಂದಲೇ ಈ ರಾತ್ರಿ ಹೇಗೆ ಕಳೆಯುತ್ತದೆಂದು ಅವರಿಗೆ ತಿಳಿಯುತ್ತದೆ. ವರ್ಷವೆಲ್ಲ ಕಾದ ಕೊಬ್ಬರಿ ಹರಾಜಾಗಿ ಕೈಗೆ ಹಣ ಬರುವ ದಿನ ಸಂತೋಷದ ದಿನವಾಗಬೇಕು. ಇಂಥ ಮನೆಗಳಲ್ಲಿ ಅದೇ ಅತಿ ಹೆಚ್ಚು ಭಯದ ದಿನ.

ಪವಿತ್ರ ಗ್ರಂಥದಲ್ಲಿ ಮೊದಲ ಬಾರಿಗೆ ಕುಡಿತದ ಪ್ರಸ್ತಾಪ ಬರುವಾಗಲೇ ಮಕ್ಕಳೂ ಬರುತ್ತಾರೆಂಬುದನ್ನು ನಾವು ಗಮನಿಸಬೇಕು. ಆದಿಕಾಂಡದ ಒಂಬತ್ತನೆಯ ಅಧ್ಯಾಯದಲ್ಲಿ ನೋವನು ದ್ರಾಕ್ಷಾರಸ ಕುಡಿದು ಗುಡಾರದಲ್ಲಿ ಬೆತ್ತಲಾಗಿ ಬಿದ್ದಿರುತ್ತಾನೆ. ಶೇಮ್ ಮತ್ತು ಯೆಫೆತ್ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು, ಮುಖ ತಿರುಗಿಸಿ, ಹಿಂದಿಂದಕ್ಕೆ ನಡೆದು ತಂದೆಯನ್ನು ಮುಚ್ಚುತ್ತಾರೆ. ಅವರ ಗೌರವಬುದ್ಧಿಯನ್ನು ನಾವು ಹೊಗಳುತ್ತೇವೆ, ಹೊಗಳಬೇಕಾದದ್ದೇ. ಆದರೆ ಅದೇ ಕೆಲಸವನ್ನು ಪ್ರತಿ ಸಂಜೆ ಮಾಡಬೇಕಾದ ಮಗುವಿನ ಪಾಡೇನು?

ನಮ್ಮ ನಾಡಿನ ಇತಿಹಾಸದಲ್ಲಿ ಈ ಮಗುವಿನ ಹೆಸರು ಬಹುಕಾಲ ಬರಲಿಲ್ಲ. ಬಂದದ್ದು ಮರದ ಮಾತು, ಅಂಗಡಿಯ ಮಾತು, ಆದಾಯದ ಮಾತು. ಬಯಲುಸೀಮೆಯ ಹೆಂಡ ಹೆಚ್ಚಾಗಿ ಈಚಲು ಮರದ್ದು. ಮೈಸೂರು ಸಂಸ್ಥಾನಕ್ಕೆ ಅಬಕಾರಿ ಒಂದು ಮುಖ್ಯ ವರಮಾನವಾಗಿತ್ತು. 1930ರಲ್ಲಿ ಗಾಂಧೀಜಿ ಹೆಂಡದಂಗಡಿಗಳ ಮುಂದೆ ಧರಣಿ ಕೂರುವ ಕೆಲಸವನ್ನು ವಿಶೇಷವಾಗಿ ಮಹಿಳೆಯರಿಗೇ ಒಪ್ಪಿಸಿದರು. 1939ರಲ್ಲಿ ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಜನರು ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು. ಅದರಲ್ಲಿ ಮುಂದಾಳಾಗಿದ್ದ ಎಸ್. ನಿಜಲಿಂಗಪ್ಪನವರು ಸೆರೆಮನೆಗೆ ಹೋದರು. ಮುಂದೆ ಅವರೇ ಮುಖ್ಯಮಂತ್ರಿಯಾಗಿದ್ದಾಗ, 1967ರಲ್ಲಿ, ರಾಜ್ಯದಲ್ಲಿ ಪಾನನಿರೋಧ ತೆರವಾಯಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿಯ ಸಣ್ಣ ಪ್ಯಾಕೆಟ್ಟುಗಳು ಬಂದವು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಪಾನನಿಷೇಧ ಕೋರಿ ಚಿತ್ರದುರ್ಗದಿಂದ ಬೆಂಗಳೂರಿಗೆ, ಸುಮಾರು 200 ಕಿಲೋಮೀಟರ್, ನಮ್ಮ ತುಮಕೂರು ಜಿಲ್ಲೆಯನ್ನು ಹಾದು ಕಾಲ್ನಡಿಗೆಯಲ್ಲಿ ನಡೆದರು. ಕಾನೂನು ಬಂದಿತು, ಹೋಯಿತು. ಮನೆಯೊಳಗೆ ಕಾವಲು ಕಾಯುವವರು ಮಾತ್ರ ಹಾಗೆಯೇ ಉಳಿದರು. ಅವರೇ ಬೀದಿಗಿಳಿದಾಗಲಷ್ಟೇ ನಾಡು ಅವರನ್ನು ನೋಡಿತು.

ಓದಿದವರ ಲೋಕವೂ ಇವರನ್ನು ಅರಿಯಲು ತಡಮಾಡಿತು. 'ಹೆಂಡತಿ ಸರಿಯಾಗಿದ್ದಿದ್ದರೆ ಅವನು ಏಕೆ ಕುಡಿಯುತ್ತಿದ್ದ?' ಎಂಬ ಮಾತು ನಮ್ಮ ಜಗಲಿಗಳಲ್ಲಿ ಮಾತ್ರ ಹುಟ್ಟಿದ್ದಲ್ಲ. 1953ರಲ್ಲಿ ಅಮೆರಿಕದ ಥೆಲ್ಮಾ ವ್ಹೇಲನ್ ಎಂಬುವರು ಕುಡುಕರ ಹೆಂಡತಿಯರನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಅವರ ಸ್ವಭಾವದಲ್ಲೇ ದೋಷ ಹುಡುಕಿದರು. ಮರುವರ್ಷವೇ, 1954ರಲ್ಲಿ, ಜೋನ್ ಜಾಕ್ಸನ್ ಎಂಬ ಸಂಶೋಧಕಿ ಇದಕ್ಕೆ ಉತ್ತರ ಕೊಟ್ಟರು. ಅಂಥ ಹೆಂಡತಿಯರ ಮಾತನ್ನು ದೀರ್ಘಕಾಲ ಕುಳಿತು ಕೇಳಿದ ಅವರು, ಈ ನಡತೆ ಹುಟ್ಟುಗುಣವಲ್ಲ, ವರ್ಷಗಟ್ಟಲೆ ಸಂಕಟದಲ್ಲಿ ಬದುಕಲು ಕುಟುಂಬ ಕಲಿತುಕೊಂಡ ಉಪಾಯ ಎಂದು ತೋರಿಸಿದರು. ದೋಷವೆಂದು ಕಂಡದ್ದು ಗಾಯವಾಗಿತ್ತು!

ಆ ಹೊತ್ತಿಗೆ ಹೆಂಡತಿಯರೇ ಒಂದು ದಾರಿ ಕಂಡುಕೊಂಡಿದ್ದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗ 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಆರಂಭವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ನರ ಪತ್ನಿ ಲೋಯಿಸ್. ಮದುವೆಯಾದಂದಿನಿಂದ ಸುಮಾರು 17 ವರ್ಷ ಗಂಡನ ಕುಡಿತ ಬಿಡಿಸಲು ಹೆಣಗಿದವರು. ಗಂಡ ಕುಡಿತ ಬಿಟ್ಟ ಮೇಲೆ ಅವರು ನೆಮ್ಮದಿಯಾಗಿರಬೇಕಿತ್ತು, ಅಲ್ಲವೇ? ಆದರೆ ಒಂದು ದಿನ 'ಬೇಗ ಹೊರಡು, ಸಭೆಗೆ ತಡವಾಗುತ್ತದೆ' ಎಂದು ಗಂಡ ಹೇಳಿದಾಗ, ಅವರಿಗೆ ಸಿಟ್ಟು ಉಕ್ಕಿ ಕೈಯಲ್ಲಿದ್ದ ಬೂಟನ್ನೇ ಎಸೆದುಬಿಟ್ಟರು. ಏಕೆ ಎಸೆದೆ ಎಂದು ತಮ್ಮನ್ನೇ ಕೇಳಿಕೊಂಡಾಗ ಅವರಿಗೆ ತಿಳಿಯಿತು: ಗಂಡ ಗುಣವಾಗಿದ್ದಾನೆ, ತಾನು ಗುಣವಾಗಿಲ್ಲ. 1951ರಲ್ಲಿ ಅವರು ಗೆಳತಿಯೊಬ್ಬರೊಡನೆ ಸೇರಿ ಕುಡುಕರ ಮನೆಯವರಿಗಾಗಿಯೇ ಆಲ್-ಅನಾನ್ ಬಳಗ ಕಟ್ಟಿದರು. 1957ರಲ್ಲಿ ಹದಿಹರೆಯದ ಮಕ್ಕಳಿಗೂ ಒಂದು ಬಳಗವಾಯಿತು. ಅಲ್ಲಿ ಕಲಿಸುವ ಪಾಠ ಸರಳ. ಈ ಕುಡಿತ ನಿನ್ನಿಂದ ಬಂದದ್ದಲ್ಲ, ನೀನು ಕಾವಲಿದ್ದರೆ ನಿಲ್ಲುವಂಥದ್ದೂ ಅಲ್ಲ.

ಮಕ್ಕಳನ್ನು ನೇರವಾಗಿ ಕೇಳಿದ್ದು ಇನ್ನೂ ತಡವಾಗಿ. ಕೆನಡಾದ ಮಾರ್ಗರೆಟ್ ಕಾರ್ಕ್ 115 ಮಕ್ಕಳೊಡನೆ ಮಾತನಾಡಿ 1969ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಕುಡಿತಕ್ಕಿಂತಲೂ ತಂದೆತಾಯಿಯರ ಜಗಳವೇ ಹೆಚ್ಚು ನೋವು ಕೊಟ್ಟಿತೆಂದು ಹೆಚ್ಚಿನ ಮಕ್ಕಳು ಹೇಳಿದ್ದರು. 1981ರಲ್ಲಿ ಕ್ಲಾಡಿಯಾ ಬ್ಲ್ಯಾಕ್ ಇಂಥ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮೂರು ಕಟ್ಟಳೆಗಳನ್ನು ಗುರುತಿಸಿದರು: ಮಾತಾಡಬಾರದು, ನಂಬಬಾರದು, ನೋವಾದರೂ ನೋವೆನ್ನಬಾರದು. ನಮ್ಮ ಹಳ್ಳಿಗಳಲ್ಲಿ 'ಮನೆ ಮಾತು ಹೊಸಿಲು ದಾಟಬಾರದು' ಎನ್ನುವುದು ಇದನ್ನೇ ಅಲ್ಲವೇ?

ಹೀಗೆ ಬೆಳೆದ ಕಣ್ಣು ಎಷ್ಟೋ ಸಲ ಸರಿಯಾಗಿಯೇ ನೋಡುತ್ತದೆ. ಮೈದುನನ ಕುಡಿತ ಕೈಮೀರುತ್ತಿರುವುದನ್ನು ಮನೆಯಲ್ಲಿ ಮೊದಲು ಕಾಣುವವಳು ಇಂಥ ಸೊಸೆಯೇ. ಕೆಲವು ಸಲ ಅದು ತಪ್ಪುತ್ತದೆ. ತೋಟದಲ್ಲಿ ದುಡಿದು ದಣಿದು ತಡವಾಗಿ ಬಂದ ಗಂಡನ ಉಸಿರನ್ನು ಮೂಸುತ್ತದೆ. ಕೆಂಪಾದ ಕಣ್ಣು ನಿದ್ದೆಗೆಟ್ಟದ್ದೆಂದು ನಂಬುವುದಿಲ್ಲ. ಒಳ್ಳೆಯ ಸಂಸಾರವೂ ಇದರಿಂದ ಹುಳಿಯಾಗಬಹುದು. ಗದರಿಸಿದರೆ ಈ ಕಾವಲು ನಿಲ್ಲುವುದಿಲ್ಲ, ಇನ್ನಷ್ಟು ಗುಟ್ಟಾಗುತ್ತದೆ.

ಹಾಗಾದರೆ ನಾವೇನು ಮಾಡಬೇಕು?

ಮೊದಲನೆಯದಾಗಿ, ಮನೆಯವರು. ಹೆಂಡತಿ ಕೇಳಿದರೆ, 'ನನ್ನ ಮೇಲೆ ಅನುಮಾನವೇ?' ಎಂದು ಕೆರಳದೆ, ಎಲ್ಲಿದ್ದೆ, ಏಕೆ ತಡವಾಯಿತು ಎಂದು ನೇರವಾಗಿ ಹೇಳಿರಿ. ಹೇಳಿದ ಹೊತ್ತಿಗೆ ಮನೆಗೆ ಬನ್ನಿರಿ. ನಂಬಿಕೆ ಒಂದೇ ದಿನಕ್ಕೆ ಮರಳದು.

ಎರಡನೆಯದಾಗಿ, ಧರ್ಮಕೇಂದ್ರದ ಕುಟುಂಬಗಳು. ಕ್ರಿಸ್ತಜಯಂತಿಯಿರಲಿ, ಊರಹಬ್ಬವಿರಲಿ, ನಾಮಕರಣವಿರಲಿ, ಬೇಡವೆಂದವರ ಲೋಟಕ್ಕೆ ಒತ್ತಾಯದಿಂದ ಸುರಿಯುವ ಚಾಳಿಯನ್ನು ಬಿಡೋಣ. ಕುಡಿತವಿಲ್ಲದ ಒಂದು ಹಬ್ಬದೂಟ ಆ ಕಣ್ಣುಗಳಿಗೆ ಎಂಥ ವಿಶ್ರಾಂತಿ ಎಂಬುದು ಉಂಡವರಿಗೇ ಗೊತ್ತು.

ಮೂರನೆಯದಾಗಿ, ಕಾವಲು ಕಾಯುತ್ತಿರುವ ತಾಯಂದಿರೇ, ಮಕ್ಕಳೇ, ನಿಮಗೆ. ಮಾತಾಡುವುದು ಮನೆಯ ಮಾನ ಕಳೆಯುವುದಲ್ಲ. ನಿಮ್ಮ ಗುರುಗಳ ಬಳಿ, ಒಬ್ಬ ಧರ್ಮಭಗಿನಿಯ ಬಳಿ ಹೇಳಿಕೊಳ್ಳಿರಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನಕ್ಕೆ ಚಿಕಿತ್ಸೆಯಿದೆ, ಮನೆಯವರ ಮಾತನ್ನೂ ಅಲ್ಲಿ ಕೇಳುತ್ತಾರೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಗೆ, 14416ಕ್ಕೆ, ಕನ್ನಡದಲ್ಲೇ ಉಚಿತವಾಗಿ ಕರೆ ಮಾಡಬಹುದು.

ಶೇಮ್ ಮತ್ತು ಯೆಫೆತ್ ಆ ಬಟ್ಟೆಯನ್ನು ಹೊತ್ತದ್ದು ಇಬ್ಬರೂ ಸೇರಿ. ನಿಮ್ಮ ಮನೆಯ ಭಾರವನ್ನೂ ನೀವೊಬ್ಬರೇ ಹೊರಬೇಕಾಗಿಲ್ಲ. ಈ ವರ್ಷದ ಹಬ್ಬದಲ್ಲಿ ನೀವೂ ಒಂದಿಷ್ಟು ಹೊತ್ತು ಬಾಗಿಲ ಕಡೆ ನೋಡದೆ, ನೆಮ್ಮದಿಯಿಂದ ಕುಳಿತು ಊಟ ಮಾಡುವಂತಾಗಲಿ ಎಂಬುದೇ ನಮ್ಮ ಪ್ರಾರ್ಥನೆ.